ಹಾಲಿನಂಥ ಸೀರಂ, ನಾರ್ಮಲ್ ಅಮೈಲೇಸ್: ಒಂದು ಪ್ರಕರಣ

ಮಂಗಳವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಒರಗಿ ಕೂರುವ ಬದಲು ಮುಂದಕ್ಕೆ ಬಾಗಿ, ಮನೆಯಿಂದ ತಂದ ತಲೆದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಹಣೆ ಇನ್ನೇನು ಮಂಡಿಗೆ ತಾಗುವಂತಿತ್ತು. ಮಂಚದ ಮೇಲೆ ಮಲಗಿ ಎಂದೆ. ಕೈ ಮುಗಿದರು. “ಮಲಗಿಸಬೇಡಿ ಸರ್, ಮಲಗಿದರೆ ಬೆನ್ನಿಗೆ ಗೂಟ ಹೊಡೆದಂತಾಗುತ್ತದೆ.” ಇಪ್ಪತ್ತು ವರ್ಷ ಹೊಟ್ಟೆನೋವು ನೋಡಿದವನಿಗೆ ಆ ಭಂಗಿಯೊಂದೇ ಅರ್ಧ ಉತ್ತರ. ಆದರೂ ಆ ದಿನ ನಾನು ಮುಕ್ಕಾಲು ಗಂಟೆ ದಾರಿ ತಪ್ಪಿದೆ. ತಪ್ಪಿಸಿದ್ದು ಅವರ ಭಾಮೈದ ಅಂಗಿಯ ಜೇಬಿನಿಂದ ತೆಗೆದುಕೊಟ್ಟ, ನಾಲ್ಕು ಮಡಿಕೆಯ ಒಂದು ಹಾಳೆ.

ರೋಗಿಗೆ 39 ವರ್ಷ. ಮಂಡ್ಯ ಜಿಲ್ಲೆಯ ಸಣ್ಣ ಪೇಟೆಯೊಂದರಲ್ಲಿ ಬೂಸಾ, ಹಿಂಡಿ ಮಾರುವ ಅಂಗಡಿ ಇಟ್ಟವರು. ಯಾರೆಂದು ಗೊತ್ತಾಗದಿರಲೆಂದು ಊರು, ಕಸುಬುಗಳನ್ನು ಕೊಂಚ ಬದಲಿಸಿದ್ದೇನೆ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆಗಳನ್ನು ಎರಡು ತಿಂಗಳ ಹಿಂದೆ ತಾವೇ ನಿಲ್ಲಿಸಿದ್ದರು. ಭಾನುವಾರ ಮಧ್ಯಾಹ್ನ ಅಣ್ಣನ ಮಗಳ ಮದುವೆಯ ಬೀಗರೂಟ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು, ಕೊನೆಗೆ ಬಿರಿಯಾನಿ. ಹೆಂಡತಿ ಹೊರಗೆ ಹೋದ ಮೇಲೆ ಕೇಳಿದಾಗ “ಎರಡು ಪೆಗ್” ಎಂದೂ ಒಪ್ಪಿಕೊಂಡರು. ರಾತ್ರಿ ಹನ್ನೊಂದಕ್ಕೆ ಎದೆಗೂಡಿನ ಕೆಳಗೆ ಶುರುವಾದ ನೋವು ಹನ್ನೆರಡರ ಹೊತ್ತಿಗೆ ಬೆನ್ನಿಗೆ ಹೊಕ್ಕಿತ್ತು. ಓಮದ ನೀರು, ನಿಂಬೆ ಸೋಡಾ, ಎರಡು ಸಲ ವಾಂತಿ. ಬೆಳಗಾಗುವವರೆಗೆ ಅಂಗಳದಲ್ಲಿ ಬಾಗಿಕೊಂಡೇ ಓಡಾಡಿದರಂತೆ.

ಸೋಮವಾರ ಬೆಳಿಗ್ಗೆ ಪೇಟೆಯ ಕ್ಲಿನಿಕ್ಕಿನಲ್ಲಿ ಇ.ಸಿ.ಜಿ. ತೆಗೆದರು. ಒಳ್ಳೆಯ ಕೆಲಸ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಹೊಟ್ಟೆನೋವಿನ ವೇಷದಲ್ಲಿ ಬರುವುದುಂಟು. ಅದು ಸರಿಯಿತ್ತು. ‘ಗ್ಯಾಸ್ಟ್ರಿಕ್’ ಎಂದು ಒಂದು ಇಂಜೆಕ್ಷನ್ ಆಯಿತು. ನಮ್ಮ ಕಡೆ ಗ್ಯಾಸ್ಟ್ರಿಕ್ ಎಂಬುದು ಕಾಯಿಲೆಯ ಹೆಸರು ಎನ್ನುವುದಕ್ಕಿಂತ ಕಂದಾಯ ಇಲಾಖೆಯ ಹೋಬಳಿ ಇದ್ದಂತೆ: ಗಂಟಲಿನಿಂದ ಹೊಕ್ಕುಳವರೆಗೆ ಬರುವ ಎಲ್ಲ ನೋವೂ ಅದರ ವ್ಯಾಪ್ತಿಗೆ ಸೇರುತ್ತದೆ. ಸಂಜೆಯಾದರೂ ಕಡಿಮೆಯಾಗದಿದ್ದಾಗ ಅದೇ ವೈದ್ಯರು ಅನುಮಾನಪಟ್ಟು ರಕ್ತಪರೀಕ್ಷೆಗೆ ಬರೆದರು. ಹತ್ತಿರದ ಲ್ಯಾಬ್‌ನಲ್ಲಿ ಸಂಜೆ ಐದಕ್ಕೆ ರಕ್ತ ಕೊಟ್ಟರು. ಭಾಮೈದ ನನ್ನ ಮುಂದೆ ಬಿಡಿಸಿ ಇಟ್ಟಿದ್ದು ಆ ವರದಿಯನ್ನೇ. ಬೆರಳಿಟ್ಟು ತೋರಿಸಿದರು: “ಅಮೈಲೇಸ್ ನಾರ್ಮಲ್ ಇದೆ ಸರ್. ಮೇದೋಜೀರಕದ ತೊಂದರೆ ಇಲ್ಲ ಎಂದರು. ಹಾಗಾದರೆ ನಮ್ಮ ಭಾವನಿಗೆ ಆಗಿರುವುದೇನು?”

ಸೀರಂ (ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ರಕ್ತದ ದ್ರವ) ಅಮೈಲೇಸ್, ಲೀಟರಿಗೆ 84 ಯೂನಿಟ್. ಪಕ್ಕದಲ್ಲಿ ಇರಬೇಕಾದ ಮಿತಿ: 28ರಿಂದ 100.

ಆ 84 ಏಕೆ ನನ್ನ ಕಣ್ಣು ಕಟ್ಟಿತು ಎಂದು ಹೇಳಬೇಕಾದರೆ ಈ ಪರೀಕ್ಷೆ ಅಳೆಯುವುದೇನು ಎಂಬುದನ್ನು ಮೊದಲು ಹೇಳಬೇಕು. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ, ಒಂದು ಗೇಣಿಗಿಂತ ಕಡಿಮೆ ಉದ್ದದ ಮೇದೋಜೀರಕ ಗ್ರಂಥಿ ಮಲಗಿರುತ್ತದೆ. ಇನ್ಸುಲಿನ್ ಅದರ ಒಂದು ಕಸುಬು. ಇನ್ನೊಂದು, ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ಜೀರ್ಣರಸ ಮಾಡಿ ಸಣ್ಣ ಕರುಳಿಗೆ ಇಳಿಸುವುದು. ಆ ರಸದಲ್ಲಿರುವ ಕಿಣ್ವಗಳಲ್ಲಿ ಅಮೈಲೇಸ್ ಪಿಷ್ಟವನ್ನು ಒಡೆಯುತ್ತದೆ, ಲೈಪೇಸ್ ಕೊಬ್ಬನ್ನು, ಟ್ರಿಪ್ಸಿನ್ ಮುಂತಾದವು ಪ್ರೋಟೀನನ್ನು. ಟ್ರಿಪ್ಸಿನ್ನಿನಂಥ ಅಪಾಯದ ಕಿಣ್ವಗಳನ್ನು ಗ್ರಂಥಿ ಒರೆಯಲ್ಲಿಟ್ಟ ಕತ್ತಿಯಂತೆ ನಿಷ್ಕ್ರಿಯ ರೂಪದಲ್ಲಿಯೇ ಸಾಗಿಸುತ್ತದೆ. ಒರೆ ಕಳಚುವುದು ಕರುಳಿನಲ್ಲಿ. ಯಾವುದೋ ಕಾರಣಕ್ಕೆ ಗ್ರಂಥಿಯ ಒಳಗೇ ಒರೆ ಕಳಚಿದರೆ ಅದು ತನ್ನನ್ನೇ ಜೀರ್ಣಿಸಿಕೊಳ್ಳಲು ತೊಡಗುತ್ತದೆ. ಇದೇ ಮೇದೋಜೀರಕದ ತೀವ್ರ ಉರಿಯೂತ. ಆಗ ಗಾಯಗೊಂಡ ಜೀವಕೋಶಗಳಿಂದ ಅಮೈಲೇಸ್, ಲೈಪೇಸ್‌ಗಳು ರಕ್ತಕ್ಕೆ ಸೋರುತ್ತವೆ. ನಾವು ಅಳೆಯುವುದು ಈ ಸೋರಿಕೆಯನ್ನು.

ಸೋರಿಕೆಗೆ ಒಂದು ವೇಳಾಪಟ್ಟಿ ಇದೆ. ಅಮೈಲೇಸ್ ನೋವು ಶುರುವಾದ ಆರರಿಂದ ಹನ್ನೆರಡು ಗಂಟೆಯೊಳಗೆ ಏರುತ್ತದೆ, ಮೂತ್ರಪಿಂಡಗಳು ಬೇಗಬೇಗ ಹೊರಹಾಕುವುದರಿಂದ ಮೂರರಿಂದ ಐದು ದಿನಗಳಲ್ಲಿ ತನ್ನ ಮಟ್ಟಕ್ಕೆ ಮರಳುತ್ತದೆ. ಲೈಪೇಸ್ ನಾಲ್ಕರಿಂದ ಎಂಟು ಗಂಟೆಯಲ್ಲೇ ಏರಲು ತೊಡಗಿ, ಸುಮಾರು ಒಂದು ದಿನಕ್ಕೆ ತುದಿ ಮುಟ್ಟಿ, ಎಂಟರಿಂದ ಹದಿನಾಲ್ಕು ದಿನ ಉಳಿಯುತ್ತದೆ. ಆದ್ದರಿಂದ ವರದಿ ನೋಡುವಾಗ ನಾನು ಮೊದಲು ಕೇಳುವುದು ಗಡಿಯಾರವನ್ನು. ನೋವು ಬಂದು ಎರಡೇ ಗಂಟೆಯಾಗಿದ್ದರೆ ನಾರ್ಮಲ್ ಎಂಬ ಮಾತಿಗೆ ಬೆಲೆಯಿಲ್ಲ. ಐದು ದಿನವಾಗಿದ್ದರೆ ಅಮೈಲೇಸ್ ಬಂದು ಹೋಗಿರಬಹುದು. ಇಲ್ಲಿ ಲೆಕ್ಕ ಹಾಕಿದೆ: ಭಾನುವಾರ ರಾತ್ರಿ ಹನ್ನೊಂದರಿಂದ ಸೋಮವಾರ ಸಂಜೆ ಐದರವರೆಗೆ 18 ಗಂಟೆ. ಏರಿರಲೇಬೇಕಾದ ಹೊತ್ತು. ಏರಿಲ್ಲ. ಗಡಿಯಾರವನ್ನು ಕೇಳಿದ್ದೇ ನನ್ನನ್ನು ಇನ್ನಷ್ಟು ತಪ್ಪು ದಾರಿಗೆ ತಳ್ಳಿತು.

ನಾಡಿ ನಿಮಿಷಕ್ಕೆ 118, ಉಸಿರಾಟ 24, ರಕ್ತದೊತ್ತಡ 110/70, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್. ಹೊಟ್ಟೆಯ ಮೇಲ್ಭಾಗ ಮುಟ್ಟಗೊಡುತ್ತಿರಲಿಲ್ಲ. ಜಠರದ ಹುಣ್ಣು ತೂತಾಗಿದೆಯೇ ಎಂದು ನಿಲ್ಲಿಸಿ ಎಕ್ಸ್‌ರೇ ತೆಗೆಸಿದೆ. ಎದೆ, ಹೊಟ್ಟೆಗಳ ನಡುವಿನ ವಪೆಯ ಕೆಳಗೆ ಸೋರಿದ ಗಾಳಿ ಇಲ್ಲ. ಇ.ಸಿ.ಜಿ. ಮತ್ತೊಮ್ಮೆ. ಅಲ್ಟ್ರಾಸೌಂಡ್‌ನಲ್ಲಿ ಪಿತ್ತಕೋಶ ಸ್ವಚ್ಛ, ಕಲ್ಲಿಲ್ಲ, ಯಕೃತ್ತಿನಲ್ಲಿ ಕೊಬ್ಬು. ಮೇದೋಜೀರಕ ಮಾತ್ರ ಕರುಳಿನ ಗಾಳಿಯ ಹಿಂದೆ ಅಡಗಿ ಕಾಣಲಿಲ್ಲ. ರಕ್ತಕ್ಕೆ ಬರೆದ ಚೀಟಿಯಲ್ಲಿ ಅಮೈಲೇಸ್ ಮತ್ತೆ ಬರೆದೆ, ಲೈಪೇಸ್ ಬರೆಯಲಿಲ್ಲ. ಏಕೆ ಬರೆಯಲಿಲ್ಲ ಎಂದರೆ ಹೇಳಿಕೊಳ್ಳಲು ಗೌರವದ ಕಾರಣವೇನೂ ಇಲ್ಲ. ಅದು ದುಬಾರಿ, ನಮ್ಮಲ್ಲಿ ಅಭ್ಯಾಸ ಅಮೈಲೇಸಿನದು, ಜೊತೆಗೆ ಆ 84 ತಲೆಯಲ್ಲಿ ಕೂತಿತ್ತು.

ಒಂಬತ್ತೂ ಮುಕ್ಕಾಲಿಗೆ ಕೆಳಗಿನ ಲ್ಯಾಬ್‌ನಿಂದ ಫೋನ್. ಹಿರಿಯ ತಂತ್ರಜ್ಞೆ. “ಸರ್, ವರದಿ ಕಳಿಸುವ ಮೊದಲು ಒಮ್ಮೆ ಕೆಳಗೆ ಬಂದು ನೋಡುತ್ತೀರಾ?”

ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ರಕ್ತದ ಟ್ಯೂಬನ್ನು ಆಕೆ ಕಿಟಕಿಯ ಬೆಳಕಿಗೆ ಹಿಡಿದಿದ್ದರು. ತಳದಲ್ಲಿ ಕೆಂಪು ಕಣಗಳ ಗಟ್ಟಿ, ನಡುವೆ ಜೆಲ್ ಪದರ. ಅದರ ಮೇಲೆ ತಿಳಿ ಹಳದಿಯ ಪಾರದರ್ಶಕ ಸೀರಂ ಇರಬೇಕಾದ ಕಡೆ ಬೆಳ್ಳಗೆ, ದಟ್ಟಗೆ ಹಾಲು. ಟ್ಯೂಬಿನ ಹಿಂದೆ ತಮ್ಮ ಬೆರಳಿಟ್ಟು ತೋರಿಸಿದರು, ಬೆರಳು ಕಾಣಲಿಲ್ಲ. ಓರೆ ಮಾಡಿದಾಗ ಗಾಜಿಗೆ ತೆಳುವಾದ ಕೆನೆ ಅಂಟಿಕೊಂಡಿತು. “ಅಮೈಲೇಸ್ 96 ಎಂದು ಯಂತ್ರ ಹೇಳುತ್ತಿದೆ. ನನಗೆ ನಂಬಿಕೆಯಿಲ್ಲ. ನೀರು ಬೆರೆಸಿ ಮತ್ತೆ ಓಡಿಸುತ್ತೇನೆ. ಲೈಪೇಸ್, ಟ್ರೈಗ್ಲಿಸರೈಡ್ ಸೇರಿಸಲೇ?”

ಸೇರಿಸಿ ಎಂದೆ. ಬೇರೇನು ಹೇಳಲಿ!

ಆ ಬಿಳುಪು ಟ್ರೈಗ್ಲಿಸರೈಡ್ ಎಂಬ ಕೊಬ್ಬಿನದು. ಈಗಿನ ಯಂತ್ರಗಳು ಅಮೈಲೇಸನ್ನು ಅಳೆಯುವುದು ಬಣ್ಣದ ಮೂಲಕ: ಕಿಣ್ವ ಒಡೆಯಬಲ್ಲ ಸಕ್ಕರೆಯ ಸರಪಳಿಯೊಂದಕ್ಕೆ ಬಣ್ಣದ ಅಣುವನ್ನು ಕಟ್ಟಿರುತ್ತಾರೆ, ಕಿಣ್ವ ಒಡೆದಂತೆ ಹಳದಿ ಬಣ್ಣ ಬಿಡುಗಡೆಯಾಗುತ್ತದೆ, ಎಷ್ಟು ವೇಗವಾಗಿ ಹಳದಿಯಾಯಿತು ಎಂಬುದನ್ನು ಬೆಳಕು ಹಾಯಿಸಿ ಓದುತ್ತಾರೆ. ಹಾಲಿನೊಳಗೆ ಬೆಳಕು ಹಾಯಿಸಿದರೆ ಅದು ಚದುರಿಹೋಗುತ್ತದೆ. ಜೊತೆಗೆ, ಇಂಥ ರಕ್ತದಲ್ಲಿ ಅಮೈಲೇಸಿನ ಕೆಲಸವನ್ನೇ ತಡೆಹಿಡಿಯುವ ಅಂಶವೂ ಇರುತ್ತದೆ ಎಂಬ ವಿವರಣೆ ಹಳೆಯದು. ಎರಡರಲ್ಲಿ ಯಾವುದೇ ಇರಲಿ, ಉಪಾಯ ಒಂದೇ: ಸೀರಂ ಅನ್ನು ತೆಳು ಮಾಡುತ್ತಾ ಹೋಗಿ, ಬಂದ ಸಂಖ್ಯೆಯನ್ನು ಅಷ್ಟೇ ಪಟ್ಟು ಗುಣಿಸುವುದು. ಅಡ್ಡಿ ಇಲ್ಲದ ರಕ್ತದಲ್ಲಿ ಎಷ್ಟು ತೆಳು ಮಾಡಿದರೂ ಗುಣಿಸಿದಾಗ ಉತ್ತರ ಒಂದೇ ಬರಬೇಕು. ಇಲ್ಲಿ ನಾಲ್ಕು ಪಟ್ಟು ತೆಳು ಮಾಡಿದಾಗ 96 ಇದ್ದದ್ದು 260 ಆಯಿತು. ಹತ್ತು ಪಟ್ಟಿಗೆ 410. ಮುಚ್ಚಿಕೊಂಡಿದ್ದ ಅಮೈಲೇಸ್ ಕೊಬ್ಬಿನ ಪರದೆ ಸರಿದಂತೆ ಹೊರಬಂತು. ಪರದೆಗೆ ಅಷ್ಟಾಗಿ ಸಿಕ್ಕಿಬೀಳದ ಲೈಪೇಸ್ 1,140. ನಮ್ಮ ಲ್ಯಾಬ್‌ನಲ್ಲಿ ಅದರ ಮೇಲಿನ ಮಿತಿ 60. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 4,260 ಮಿಲಿಗ್ರಾಂ. ಇರಬೇಕಾದದ್ದು 150ರೊಳಗೆ.

ಮೇಲೆ ಬಂದು ಸೋಮವಾರದ ಆ ಹಾಳೆಯನ್ನು ಪೂರ್ತಿ ಬಿಡಿಸಿದೆ. ನಾಲ್ಕನೆಯ ಮಡಿಕೆಯ ಕೆಳಗೆ, ಸಹಿಗೂ ಮೇಲೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ‘ಸ್ಯಾಂಪಲ್ ಲೈಪೀಮಿಕ್.’ ರಕ್ತದಲ್ಲಿ ಕೊಬ್ಬು ತೇಲುತ್ತಿದೆ ಎಂದು ಅದರ ಅರ್ಥ. ಆ ಲ್ಯಾಬ್‌ನವರು ಕಂಡಿದ್ದರು, ಬರೆದೂ ಇದ್ದರು. ಆದರೆ ಸಂಖ್ಯೆಯನ್ನು ದಪ್ಪಕ್ಷರದಲ್ಲಿ, ಅದನ್ನು ನಂಬಬೇಡಿ ಎಂಬುದನ್ನು ಇರುವೆಯ ಅಕ್ಷರದಲ್ಲಿ. ಕ್ಲಿನಿಕ್ಕಿನ ವೈದ್ಯರು ಓದಿರಲಿಲ್ಲ. ಮಡಿಸಿದ ಹಾಳೆಯಲ್ಲಿ 84 ಕಂಡದ್ದೇ ಸಾಕೆಂದು ನಾನೂ ಓದಿರಲಿಲ್ಲ.

ಗೊತ್ತಾದ ಮೇಲೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಅವರ ಮೊಣಕೈಗಳ ಹಿಂಭಾಗದಲ್ಲಿ ಸಾಸಿವೆ ಗಾತ್ರದ, ಹಳದಿ ತಲೆಯ, ಬುಡ ಕೆಂಪಾದ ಗುಳ್ಳೆಗಳ ಸಾಲಿತ್ತು. ನಾಡಿ ನೋಡುವಾಗ ನನ್ನ ಬೆರಳಿನಿಂದ ಒಂದು ಗೇಣು ದೂರದಲ್ಲಿದ್ದವು. ಹೆಂಡತಿಯನ್ನು ಕೇಳಿದೆ. “ಬೆವರುಸಾಲೆ ಎಂದುಕೊಂಡು ಪೌಡರ್ ಹಾಕುತ್ತಿದ್ದೆವು ಸರ್, ಹಿಂದೆ ಕೂರುವ ಜಾಗದಲ್ಲೂ ಇವೆ.” ಅವು ಚರ್ಮದಲ್ಲಿ ಸಂಗ್ರಹವಾದ ಕೊಬ್ಬು, ಟ್ರೈಗ್ಲಿಸರೈಡ್ ಸಾವಿರಗಟ್ಟಲೆ ಏರಿದಾಗ ಏಳುವಂಥವು, ಇಳಿದಾಗ ತಾವೇ ಮಾಯವಾಗುವಂಥವು.

ಅದೇ ಹಾಲು ಇನ್ನೊಂದು ಸಂಖ್ಯೆಯನ್ನೂ ಕೆಡಿಸಿತ್ತು. ಸೋಡಿಯಂ 125 ಎಂದು ಬಂದಿತ್ತು, ಗಾಬರಿಯಾಗುವಷ್ಟು ಕಡಿಮೆ. ಸೋಡಿಯಂ ಕರಗಿರುವುದು ರಕ್ತದ ನೀರಿನ ಅಂಶದಲ್ಲಿ. ದೊಡ್ಡ ಯಂತ್ರ ಸೀರಂನ ಗೊತ್ತಾದ ಅಳತೆಯೊಂದನ್ನು ತೆಗೆದುಕೊಂಡು, ಅದರಲ್ಲಿ ಎಂದಿನಷ್ಟೇ ನೀರಿದೆ ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ನೀರಿನ ಜಾಗವನ್ನು ಕೊಬ್ಬು ಆಕ್ರಮಿಸಿದ್ದರೆ ಲೆಕ್ಕ ತಪ್ಪುತ್ತದೆ. ತೀವ್ರ ನಿಗಾ ಘಟಕದಲ್ಲಿ ತೆಳು ಮಾಡದೆ ನೇರವಾಗಿ ಅಳೆಯುವ ಸಣ್ಣ ಯಂತ್ರದಲ್ಲಿ ನೋಡಿದರೆ 133. ಸಕ್ಕರೆ 342 ಇದ್ದವರಿಗೆ ಅದು ಸಹಜವೇ. ಆ 125ನ್ನು ನಂಬಿ ಉಪ್ಪಿನ ದ್ರಾವಣ ಏರಿಸಲು ಹೊರಟಿದ್ದರೆ ಇನ್ನೊಂದು ಕಥೆಯಾಗುತ್ತಿತ್ತು.

ಭಾಮೈದನಿಗೆ ಸಮಾಧಾನವಾಗಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಫೋನಿನಲ್ಲಿ ಓದಿಕೊಂಡು ಬಂದಿದ್ದರು. “ಸಿ.ಟಿ. ಸ್ಕ್ಯಾನ್ ಇಲ್ಲದೆ ಹೇಗೆ ಖಚಿತವಾಗಿ ಹೇಳುತ್ತೀರಿ?” ಪ್ರಶ್ನೆ ಸರಿಯಾದದ್ದೇ. ಈ ಉರಿಯೂತವನ್ನು ಗುರುತಿಸಲು ವೈದ್ಯರು ಬಳಸುವ, 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಮೂರರಲ್ಲಿ ಎರಡು ಇದ್ದರೆ ಸಾಕು: ಈ ಕಾಯಿಲೆಗೆ ತಕ್ಕ ನೋವು, ಅಮೈಲೇಸ್ ಅಥವಾ ಲೈಪೇಸ್ ಮೇಲಿನ ಮಿತಿಯ ಮೂರು ಪಟ್ಟಾದರೂ ಏರಿರುವುದು, ಸ್ಕ್ಯಾನಿನಲ್ಲಿ ಕಾಣುವ ಬದಲಾವಣೆ. ನಮ್ಮ ರೋಗಿಗೆ ನೋವು ಇತ್ತು, ಲೈಪೇಸ್ ಹತ್ತೊಂಬತ್ತು ಪಟ್ಟಿತ್ತು. ಮೊದಲ ದಿನವೇ ಸಿ.ಟಿ. ಮಾಡಿದರೆ ಗ್ರಂಥಿಯ ಯಾವ ಭಾಗ ಸತ್ತಿದೆ ಎಂಬುದು ಇನ್ನೂ ಸ್ಪಷ್ಟವಾಗಿರುವುದಿಲ್ಲ. ಮೂರು ನಾಲ್ಕು ದಿನ ಕಾಯ್ದರೆ ಹಣಕ್ಕೂ ಬೆಲೆ, ಚಿತ್ರಕ್ಕೂ ಬೆಲೆ. ಈ ‘ಮೂರು ಪಟ್ಟು’ ಎಂಬ ಮಾತನ್ನು ಮಾತ್ರ ಓದುಗರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರಣ ಹುಡುಕುವುದು ಇಲ್ಲಿ ಕಷ್ಟವಾಗಲಿಲ್ಲ. ಜಗತ್ತಿನಾದ್ಯಂತ ಈ ಕಾಯಿಲೆಗೆ ಪಿತ್ತಕಲ್ಲು ಮತ್ತು ಮದ್ಯ ಎರಡು ದೊಡ್ಡ ಕಾರಣಗಳು. ಪಿತ್ತಕಲ್ಲು ಇಲ್ಲ, ಎ.ಎಲ್.ಟಿ. ಎಂಬ ಯಕೃತ್ತಿನ ಕಿಣ್ವವೂ 46 ಇತ್ತು. ಕಲ್ಲಿನಿಂದ ಆಗಿದ್ದರೆ ಅದು 150 ದಾಟುವುದು ಸಾಮಾನ್ಯ. ಎರಡು ಪೆಗ್ಗಿನಿಂದ ಗ್ರಂಥಿ ಹೀಗಾಗುವುದಿಲ್ಲ, ಆದರೆ ಟ್ರೈಗ್ಲಿಸರೈಡಿಗೆ ಅದು ತುಪ್ಪ ಸುರಿದಂತೆ. ಟ್ರೈಗ್ಲಿಸರೈಡ್ 1,000 ದಾಟಿತೆಂದರೆ ಅದೇ ಕಾರಣವಾಗಬಲ್ಲದು. ಗ್ರಂಥಿಯ ಸೂಕ್ಷ್ಮ ರಕ್ತನಾಳಗಳಲ್ಲಿ ಲೈಪೇಸ್ ಈ ಕೊಬ್ಬನ್ನು ಒಡೆದಾಗ ಬರುವ ಕೊಬ್ಬಿನ ಆಮ್ಲಗಳು ಜೀವಕೋಶಗಳನ್ನು ಸುಡುತ್ತವೆ, ಇನ್ನಷ್ಟು ಲೈಪೇಸ್ ಸೋರುತ್ತದೆ, ಅದು ಇನ್ನಷ್ಟು ಕೊಬ್ಬನ್ನು ಒಡೆಯುತ್ತದೆ. ಮನೆಯವರು ಬೀಗರೂಟದ ಮಟನ್ನಿಗೆ ಶಾಪ ಹಾಕುತ್ತಿದ್ದರು. ಮಟನ್ನಿನ ಪಾಲು ಸ್ವಲ್ಪ ಇರಬಹುದು. ಹೆಚ್ಚಿನ ಪಾಲು ಎರಡು ತಿಂಗಳು ಡಬ್ಬಿಯಲ್ಲೇ ಉಳಿದ ಮಾತ್ರೆಗಳದು: ಇನ್ಸುಲಿನ್ ಕೆಲಸ ಮಾಡದಿದ್ದರೆ ರಕ್ತದ ಕೊಬ್ಬನ್ನು ತೆಗೆಯುವ ಕೆಲಸವೂ ನಿಲ್ಲುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 11.2 ಇತ್ತು.

ಚಿಕಿತ್ಸೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಪವಾಡವೇನೂ ಇಲ್ಲ. ನೋವಿಗೆ ಸರಿಯಾದ ಮದ್ದು. ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರಾವಣದ ಡ್ರಿಪ್, ಅದೂ ಹದವಾಗಿ. ಹಿಂದೆ ಧಾರಾಳವಾಗಿ ಸುರಿಯುತ್ತಿದ್ದೆವು. 2022ರಲ್ಲಿ ಪ್ರಕಟವಾದ ‘ವಾಟರ್‌ಫಾಲ್’ ಎಂಬ ಪ್ರಯೋಗದಲ್ಲಿ ಹಾಗೆ ಸುರಿದವರಲ್ಲಿ ದೇಹಕ್ಕೆ ನೀರು ಹೆಚ್ಚಾಗುವ ತೊಂದರೆ ಕಂಡಿತೇ ಹೊರತು ಲಾಭ ಕಾಣಲಿಲ್ಲ. 78 ಕಿಲೋ ತೂಕದ ಇವರಿಗೆ ಮೊದಲು ಮುಕ್ಕಾಲು ಲೀಟರಿನಷ್ಟು, ಆಮೇಲೆ ಗಂಟೆಗೆ ಸುಮಾರು 120 ಮಿಲಿಲೀಟರ್. ಆಂಟಿಬಯಾಟಿಕ್ ಕೊಡಲಿಲ್ಲ, ಸೋಂಕಿನ ಗುರುತು ಇರಲಿಲ್ಲ. ಕೊಬ್ಬು ಇಳಿಸಲು ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣದ ಜೊತೆಗೆ ಇನ್ಸುಲಿನ್ ಹನಿ. ಅದು ರಕ್ತನಾಳಗಳ ಗೋಡೆಯಲ್ಲಿರುವ ಬೇರೊಂದು ಲೈಪೇಸನ್ನು ಎಬ್ಬಿಸಿ ಕೊಬ್ಬನ್ನು ತೆರವು ಮಾಡಿಸುತ್ತದೆ. ಹೆಸರು ಒಂದೇ ಮನೆತನದ್ದು, ನಡತೆ ಬೇರೆ. ಟ್ರೈಗ್ಲಿಸರೈಡ್ ಮರುದಿನ 2,180, ಮೂರನೆಯ ದಿನ 960.

ಆ ಮೂರನೆಯ ದಿನದ ಬಗ್ಗೆ ಬರೆಯಬೇಕೆಂದೇ ಈ ಪ್ರಕರಣವನ್ನು ಆರಿಸಿಕೊಂಡೆ.

ಮನೆಯವರು ದಿನವೂ ಲೈಪೇಸ್ ಮಾಡಿ ಎಂದು ಕೇಳುತ್ತಿದ್ದರು. ನಾನು ಬೇಡವೆನ್ನುತ್ತಿದ್ದೆ. ಬುಧವಾರ ರಾತ್ರಿ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯ ಒತ್ತಾಯಕ್ಕೆ ಮಣಿದು ಬರೆದುಬಿಟ್ಟರು. ಗುರುವಾರ ಬೆಳಿಗ್ಗೆ ನಾನು ವಾರ್ಡಿಗೆ ಹೋಗುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದರು ಭಾಮೈದ, ಮುಖ ಅರಳಿತ್ತು. “1,140 ಇದ್ದದ್ದು 380 ಆಗಿದೆ ಸರ್. ಮೂರನೇ ಎರಡು ಭಾಗ ವಾಸಿ ಎಂದಾಯಿತಲ್ಲವೇ?” ಒಳಗೆ ಅವರ ಭಾವನಿಗೆ 102 ಡಿಗ್ರಿ ಜ್ವರ. ಉಸಿರು 28. ಎಡಗಡೆ ಶ್ವಾಸಕೋಶದ ಬುಡದಲ್ಲಿ ಶಬ್ದ ಕುಗ್ಗಿತ್ತು. ಅಲ್ಲಿ ನೀರು ತುಂಬಿಕೊಂಡಿತ್ತು. ಆಮ್ಲಜನಕ ಕೊಡಬೇಕಾಯಿತು. ಉರಿಯೂತವನ್ನು ತಿಳಿಸುವ ಸಿ.ಆರ್.ಪಿ. ಲೀಟರಿಗೆ 186 ಮಿಲಿಗ್ರಾಂ. 48 ಗಂಟೆಯ ಹೊತ್ತಿಗೆ 150 ದಾಟಿದರೆ ಕಾಯಿಲೆ ಬಿಗಿಯುತ್ತಿದೆ ಎಂದು ಎಚ್ಚರವಹಿಸುತ್ತೇವೆ.

ಕಿಣ್ವ ಇಳಿದಿತ್ತು, ಮನುಷ್ಯ ಬಿದ್ದಿದ್ದರು. ಇದರಲ್ಲಿ ವಿರೋಧಾಭಾಸವಿಲ್ಲ. ಲೈಪೇಸ್ ಹೇಳುವುದು ಗ್ರಂಥಿಗೆ ಗಾಯವಾಯಿತು ಎಂಬ ಸುದ್ದಿಯನ್ನು. ಗಾಯಕ್ಕೆ ಮೈಯೆಲ್ಲ ಹೇಗೆ ಪ್ರತಿಕ್ರಿಯಿಸುತ್ತಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. 5,000 ಲೈಪೇಸ್ ಇಟ್ಟುಕೊಂಡು ನಾಲ್ಕನೆಯ ದಿನ ನಡೆದು ಮನೆಗೆ ಹೋದವರನ್ನು ಕಂಡಿದ್ದೇನೆ, 400ರಲ್ಲಿ ವೆಂಟಿಲೇಟರ್ ಹತ್ತಿದವರನ್ನೂ. ತೀವ್ರತೆಯನ್ನು ಅಳೆಯಲು ನೋಡುವುದು ಬೇರೆಯದನ್ನು: ಯೂರಿಯಾ ಏರುತ್ತಿದೆಯೇ, ಪ್ರಜ್ಞೆ ಮಸುಕಾಗುತ್ತಿದೆಯೇ, ನಾಡಿ ಮತ್ತು ಉಸಿರಾಟ ಹೇಗಿವೆ, ವಯಸ್ಸು 60 ದಾಟಿದೆಯೇ, ಎದೆಗೂಡಿನಲ್ಲಿ ನೀರಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ. ಇದನ್ನು ಬಾಗಿಲಲ್ಲಿ ನಿಂತ ಹುಡುಗನಿಗೆ ಹೇಳಿದಾಗ ಅವರ ಕೈಯಲ್ಲಿದ್ದ ಹಾಳೆ ನಿಧಾನಕ್ಕೆ ಕೆಳಗಿಳಿಯಿತು. ಒಳ್ಳೆಯ ಸುದ್ದಿಯನ್ನು ಕಿತ್ತುಕೊಂಡ ಪಾಪ ನನ್ನದಾಯಿತು.

ಎರಡು ರಾತ್ರಿ ಕಷ್ಟವಿತ್ತು. ಐದನೆಯ ದಿನ ಸಿ.ಟಿ. ಮಾಡಿಸಿದೆವು: ಗ್ರಂಥಿ ಊದಿದೆ, ಅದರ ಎಡತುದಿಯಾದ ಬಾಲದ ಸುತ್ತ ದ್ರವ ನಿಂತಿದೆ, ಆದರೆ ಸತ್ತ ಭಾಗವಿಲ್ಲ. ಆ ದಿನವೇ ಜ್ವರ ಇಳಿಯತೊಡಗಿತು. “ಹಸಿವಾಗುತ್ತಿದೆ” ಎಂದರು, ಮೊದಲ ಬಾರಿಗೆ. ಲೈಪೇಸ್ ನಾರ್ಮಲ್ ಆಗುವವರೆಗೆ ಉಪವಾಸ ಕೆಡವುವ ಹಳೆಯ ಪದ್ಧತಿಯನ್ನು ಈಗ ಬಿಟ್ಟಿದ್ದೇವೆ. ಹಸಿವು, ನೋವು, ವಾಂತಿ, ಈ ಮೂರನ್ನು ಕೇಳಿ ಊಟ ಶುರುಮಾಡುತ್ತೇವೆ. ಗಂಜಿ, ಮರುದಿನ ಒಗ್ಗರಣೆಯಿಲ್ಲದ ತಿಳಿಸಾರು ಅನ್ನ. ಹತ್ತನೆಯ ದಿನ ಮನೆಗೆ ಹೋದರು. ಟ್ರೈಗ್ಲಿಸರೈಡ್ ಆಗ 420. ಸಕ್ಕರೆಗೆ ಇನ್ಸುಲಿನ್, ಕೊಬ್ಬಿಗೆ ಫೆನೋಫೈಬ್ರೇಟ್ ಮಾತ್ರೆ, ಮದ್ಯ ಪೂರ್ತಿ ಬಂದ್.

ಇಲ್ಲೊಂದು ಹಳೆಯ ವಿಷಯ ನೆನಪಾಗುತ್ತದೆ. 1908ರಲ್ಲಿ ಜರ್ಮನಿಯ ವೋಲ್‌ಗೆಮುತ್ ಮೂತ್ರದಲ್ಲಿ ಅಮೈಲೇಸ್ ಅಳೆಯುವ ವಿಧಾನ ಕೊಟ್ಟರು. 1929ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಎಲ್ಮನ್ ಮತ್ತು ಸಂಗಡಿಗರು ರಕ್ತದ ಅಮೈಲೇಸನ್ನು ಈ ಕಾಯಿಲೆಗೆ ಜೋಡಿಸಿದರು. 1932ರಲ್ಲಿ ಚೆರಿ ಮತ್ತು ಕ್ರ್ಯಾಂಡಲ್ ಲೈಪೇಸ್ ಅಳೆಯಲು ಆಲಿವ್ ಎಣ್ಣೆ ಬಳಸಿದರು: ಸೀರಂ ಜೊತೆ ಎಣ್ಣೆಯನ್ನು ಬೆರೆಸಿ ಗಂಟೆಗಟ್ಟಲೆ ಇಟ್ಟು, ಎಷ್ಟು ಆಮ್ಲ ಹುಟ್ಟಿತು ಎಂದು ನೋಡುವುದು. ಫಲಿತಾಂಶ ಬರುವ ಹೊತ್ತಿಗೆ ರೋಗಿಯ ಗತಿ ಒಂದು ಕಡೆ ನಿರ್ಧಾರವಾಗಿರುತ್ತಿತ್ತು. ಹಾಗಾಗಿ ಬೇಗ ಸಿಗುವ ಅಮೈಲೇಸ್ ದಶಕಗಳ ಕಾಲ ಗೆದ್ದಿತು. ಈಗ ಲೈಪೇಸ್ ಕೂಡ ನಿಮಿಷಗಳಲ್ಲಿ ಸಿಗುತ್ತದೆ, ಅದೇ ಹೆಚ್ಚು ನಂಬಿಕೆಗೆ ಅರ್ಹ, ಎರಡನ್ನೂ ಒಟ್ಟಿಗೆ ಮಾಡಿಸುವುದರಿಂದ ಹೆಚ್ಚಿನ ಲಾಭವೂ ಇಲ್ಲ. ಆದರೂ ನನ್ನ ಕೈ ಅಭ್ಯಾಸಬಲದಿಂದ ಅಮೈಲೇಸ್ ಎಂದೇ ಬರೆಯಿತು ನೋಡಿ.

ಆರು ತಿಂಗಳ ನಂತರ ಅವರು ಮತ್ತೆ ಬಂದರು. ನೆಟ್ಟಗೆ ನಡೆದುಕೊಂಡು, ಕೈಯಲ್ಲಿ ಹೊಸ ವರದಿ ಹಿಡಿದು. ಈ ಸಲ ಮುಖದಲ್ಲಿ ಬೇರೆಯೇ ಭಯ. ಯಾವುದೋ ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ಲೈಪೇಸ್ ಕೂಡ ಸೇರಿತ್ತು. 71 ಬಂದಿತ್ತು, ಮಿತಿ 60, ಪಕ್ಕದಲ್ಲಿ ಕೆಂಪು ನಕ್ಷತ್ರ. ಆ ರಾತ್ರಿಯಿಂದ ಊಟ ಬಿಟ್ಟು ಗಂಜಿ ಕುಡಿಯುತ್ತಿದ್ದರಂತೆ. ನೋವಿದೆಯೇ? ಇಲ್ಲ. ವಾಂತಿ? ಇಲ್ಲ. ತೂಕ ಇಳಿದಿದೆಯೇ? ಇಲ್ಲ. ಹೊಟ್ಟೆ ಒತ್ತಿ ನೋಡಿದೆ, ಮೆತ್ತಗಿತ್ತು. ಮಾತ್ರೆಗಳ ಚೀಟಿಯಲ್ಲಿ ಊರಿನ ವೈದ್ಯರು ಇತ್ತೀಚೆಗೆ ಸೇರಿಸಿದ ಗ್ಲಿಪ್ಟಿನ್ ಗುಂಪಿನ ಸಕ್ಕರೆ ಮಾತ್ರೆ ಕಂಡಿತು. ಆ ಗುಂಪು ಲೈಪೇಸನ್ನು ತುಸು ಏರಿಸುವುದುಂಟು, ಸಕ್ಕರೆ ಕಾಯಿಲೆ ಇರುವವರಲ್ಲಿ ಮಾತ್ರೆಯಿಲ್ಲದೆಯೂ ತುಸು ಏರಿರುವುದುಂಟು. ಒಮ್ಮೆ ಉರಿಯೂತ ಆಗಿಹೋದವರಿಗೆ ಆ ಗುಂಪು ಬೇಡವೆಂದು ಅದನ್ನು ಬದಲಿಸಿದೆ. ಆದರೆ ಆ 71ಕ್ಕೆ ಮಾತ್ರ ಏನೂ ಮಾಡಲಿಲ್ಲ. ಮೂರು ಪಟ್ಟು ಎಲ್ಲಿ, 11 ಯೂನಿಟ್ ಎಲ್ಲಿ.

ನೋವಿಲ್ಲದ ಮನುಷ್ಯನ ಸಣ್ಣ ಏರಿಕೆಗೆ ನೂರು ಕಾರಣ. ಮಂಗನಬಾವು ಬಂದ ಮಗುವಿನ ಅಮೈಲೇಸ್ ಏರುವುದು ಕೆನ್ನೆಯ ಜೊಲ್ಲುಗ್ರಂಥಿಯಿಂದ, ಏಕೆಂದರೆ ಅದೂ ಅಮೈಲೇಸ್ ಮಾಡುತ್ತದೆ. ಮೂತ್ರಪಿಂಡ ಸೋತವರಲ್ಲಿ ಹೊರಹೋಗದೆ ಉಳಿಯುತ್ತದೆ. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದು ಬಂದವರಲ್ಲಿ ಏರಿರುವುದನ್ನು ನಮ್ಮ ಭಾಗದ ತುರ್ತು ವಿಭಾಗಗಳು ಚೆನ್ನಾಗಿ ಬಲ್ಲವು. ಕೆಲವರಲ್ಲಿ ಅಮೈಲೇಸ್ ರಕ್ತದ ಪ್ರತಿಕಾಯಗಳಿಗೆ ಅಂಟಿಕೊಂಡು ಮೂತ್ರಪಿಂಡದ ಜರಡಿಯಲ್ಲಿ ಇಳಿಯದಷ್ಟು ದಪ್ಪವಾಗಿಬಿಡುತ್ತದೆ; ಜೀವನವಿಡೀ ವರದಿಯಲ್ಲಿ ಕೆಂಪು ನಕ್ಷತ್ರ, ಮೈಯಲ್ಲಿ ಕಾಯಿಲೆಯಿಲ್ಲ. ಅಂಥವರು ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿ ಸೋತು ಬರುತ್ತಾರೆ. ಇದಕ್ಕೆ ಉಲ್ಟಾ, ವರ್ಷಗಟ್ಟಲೆ ಉರಿದು ಗಟ್ಟಿಯಾಗಿ ಕಲ್ಲು ಕಟ್ಟಿದ ಗ್ರಂಥಿಯಲ್ಲಿ ಸೋರಲು ಕಿಣ್ವವೇ ಉಳಿದಿರುವುದಿಲ್ಲ. ನೋವಿನಿಂದ ನರಳುತ್ತಿದ್ದರೂ ಎರಡೂ ಸಂಖ್ಯೆ ನಾರ್ಮಲ್. ಕೇರಳದಲ್ಲಿ 1960ರ ದಶಕದಿಂದಲೇ ವೈದ್ಯ ಗೀವರ್ಗೀಸ್ ಅವರು ಹೀಗೆ ಗ್ರಂಥಿಯಲ್ಲಿ ಕಲ್ಲು ಕಟ್ಟಿದ ನೂರಾರು ರೋಗಿಗಳನ್ನು ದಾಖಲಿಸಿದ್ದರು.

ಅವರನ್ನು ಕಳಿಸುವ ಮುನ್ನ ಒಂದು ಕೇಳಿದೆ: ಒಡಹುಟ್ಟಿದವರು ರಕ್ತದ ಕೊಬ್ಬು ನೋಡಿಸಿಕೊಂಡಿದ್ದಾರೆಯೇ? ಸಾವಿರಗಟ್ಟಲೆ ಟ್ರೈಗ್ಲಿಸರೈಡಿಗೆ ಸಕ್ಕರೆ, ಮದ್ಯ ಕೊಳ್ಳಿ ಇಡಬಹುದು. ಒಣ ಸೌದೆ ಬಹುಮಟ್ಟಿಗೆ ವಂಶದಿಂದ ಬಂದಿರುತ್ತದೆ. ತಮ್ಮ ಹೊರಗೇ ಬೈಕಿನ ಮೇಲೆ ಕುಳಿತಿದ್ದಾನೆ, ಬಾ ಎಂದರೆ ಬರುವುದಿಲ್ಲ, ನನಗೇನಾಗಿದೆ ಎನ್ನುತ್ತಾನೆ ಎಂದರು. ಅಣ್ಣನೇ ಹೋಗಿ ಎಳೆದು ತಂದರು. ಮೂವತ್ತನಾಲ್ಕರ ಗಟ್ಟಿಮುಟ್ಟು ಆಳು. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟರು.

ಹನ್ನೊಂದು ಗಂಟೆಗೆ ಕೆಳಗಿನಿಂದ ಫೋನ್ ಬಂತು. “ಸರ್, ಇದು ಹಾಲಿನಷ್ಟಿಲ್ಲ. ನೀರು ಮಜ್ಜಿಗೆಯಷ್ಟಿದೆ.” ಟ್ರೈಗ್ಲಿಸರೈಡ್ 870. ಅಮೈಲೇಸ್, ಲೈಪೇಸ್ ಸೇರಿಸಲೇ ಎಂದು ಆಕೆ ಕೇಳಲಿಲ್ಲ, ನಾನೂ ಬರೆಯಲಿಲ್ಲ. ಹೊಟ್ಟೆ ನೋಯದ ಆಳಿಗೆ ಅವೇಕೆ? ಸಕ್ಕರೆಯನ್ನೂ ಥೈರಾಯ್ಡನ್ನೂ ಬರೆದು, ಬೈಕಿನವನನ್ನು ಒಳಗೆ ಕರೆಸಿದೆ.